ಹೊಸದಾಗಿ ಸ್ಕೂಟರ್ ಕಲಿಯೋರಿಗೆ: ಮೊದಲು ನಿಲ್ಲಿಸೋದು ಕಲೀರಿ, ಆಮೇಲೆ ಓಡ್ಸೋದು

ಗೇರ್ ಇಲ್ಲ, ಕ್ಲಚ್ ಇಲ್ಲ, ಕೂತು ಕೈ ತಿರುಗಿಸಿದ್ರೆ ಹೋಗುತ್ತೆ, ಅದ್ರಲ್ಲಿ ಕಲಿಯೋಕೆ ಏನಿದೆ ಅಂತ ತುಂಬಾ ಜನ ಕೇಳ್ತಾರೆ. ಹೋಗೋದು ಸುಲಭ ಅನ್ನೋದು ನಿಜಾನೇ. ಆದ್ರೆ ಹೊಸಬರು ಬೀಳೋದನ್ನ ಗಮನ ಇಟ್ಟು ನೋಡಿದ್ರೆ ಹೆಚ್ಚುಕಮ್ಮಿ ಎಲ್ಲಾ ಸಲನೂ ಒಂದೇ ಕಥೆ, ಗಾಡಿ ಅಂದ್ಕೊಂಡಿದ್ದಕ್ಕಿಂತ ಜೋರಾಗಿ ಹೋಯ್ತು, ಗಾಬರಿ ಆಯ್ತು, ನಿಲ್ಲಿಸೋಕೆ ಕೈ ಬರಲಿಲ್ಲ. ಮನೇಲಿ, ಗೆಳೆಯರಲ್ಲಿ ಸುಮಾರು ಜನಕ್ಕೆ ಕಲಿಸ್ತಾ ನೋಡ್ತಾ ನನಗೆ ಗಟ್ಟಿಯಾಗಿರೋ ಅಭಿಪ್ರಾಯ ಏನಂದ್ರೆ ಕಲಿಯೋ ಕ್ರಮಾನೇ ತಿರುಗುಮುರುಗು ಮಾಡ್ಬೇಕು, ಬ್ರೇಕ್ ಮೊದಲು ಬರಬೇಕು, ರೇಸ್ ಕೊಡೋದು ಆಮೇಲೆ. ಕೆಳಗೆ ಬರೆದಿರೋದೆಲ್ಲ ಗೇರ್‌ಲೆಸ್ ಸ್ಕೂಟರ್‌ಗೆ, ಪೆಟ್ರೋಲ್ ಆಗ್ಲಿ ಎಲೆಕ್ಟ್ರಿಕ್ ಆಗ್ಲಿ, ವ್ಯತ್ಯಾಸ ಇರೋ ಕಡೆ ಹೇಳ್ತೀನಿ.

ಶುರು ಮಾಡೋಕೆ ಮುಂಚೆ

ಮೊದಲು ಗಾಡಿ ನಿಮಗೆ ಸರಿಹೋಗುತ್ತಾ ನೋಡ್ಕೊಳ್ಳಿ. ಸೀಟ್ ಮೇಲೆ ಕೂತಾಗ ಎರಡೂ ಕಾಲು ನೆಲಕ್ಕೆ ಚೆನ್ನಾಗಿ ಊರಬೇಕು, ಬರೀ ಬೆರಳ ತುದಿ ತಾಗಿದ್ರೆ ಕಲಿಯೋ ಹೊತ್ತಿಗೆ ಆ ಗಾಡಿ ಬೇಡ, ಯಾಕಂದ್ರೆ 110 ಅಥವಾ 125 ಸಿಸಿ ಸ್ಕೂಟರ್ ಸಾಮಾನ್ಯವಾಗಿ 100 ಕೆಜಿ ಆಸುಪಾಸು ಇರುತ್ತೆ, ಅದು ಸ್ವಲ್ಪ ವಾಲಿದಾಗ ಕಾಲು ಗಟ್ಟಿಯಾಗಿ ಸಿಕ್ಕಿದ್ರೆ ತಡೀಬಹುದು, ಜಾಸ್ತಿ ವಾಲಿದ್ಮೇಲೆ ಯಾರ ಕೈಲೂ ತಡೆಯೋಕಾಗಲ್ಲ. ಟೈರ್ ಗಾಳಿ ನೋಡಿ (ಎಷ್ಟಿರಬೇಕು ಅನ್ನೋದು ಗಾಡಿ ಮೇಲಿನ ಸ್ಟಿಕ್ಕರ್‌ನಲ್ಲೋ ಜೊತೆಗೆ ಕೊಟ್ಟಿರೋ ಪುಸ್ತಕದಲ್ಲೋ ಇರುತ್ತೆ, ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ, ಟೈರ್ ತಣ್ಣಗಿದ್ದಾಗ ಚೆಕ್ ಮಾಡ್ಬೇಕು). ಗಾಳಿ ಕಮ್ಮಿ ಇರೋ ಗಾಡೀಲಿ ಹ್ಯಾಂಡಲ್ ಭಾರ ಅನ್ಸುತ್ತೆ, ಪಾಪ ಕಲಿಯೋರು ತಮಗೆ ಬ್ಯಾಲೆನ್ಸ್ ಬರ್ತಿಲ್ಲ ಅಂದ್ಕೊಂಡು ಕೂತಿರ್ತಾರೆ.

ಜಾಗ ಸಮತಟ್ಟಾಗಿ, ಅಗಲವಾಗಿ, ಡಾಂಬರೋ ಕಾಂಕ್ರೀಟೋ ಹಾಕಿರೋದಾಗಿರಲಿ. ಮಣ್ಣಿನ ಮೈದಾನದಲ್ಲಿ ಬಿದ್ರೆ ಪೆಟ್ಟು ಕಮ್ಮಿ ಅಂತ ಅಲ್ಲಿ ಕರ್ಕೊಂಡು ಹೋಗ್ತಾರಲ್ಲ, ಅದು ನನಗೆ ಸರಿ ಅನ್ಸಲ್ಲ. ಸಡಿಲ ಮಣ್ಣು, ಮರಳು, ಜಲ್ಲಿ ಮೇಲೆ ಬ್ರೇಕ್ ಹಿಡಿದ್ರೆ ಚಕ್ರ ಜಾರುತ್ತೆ, ಗಾಡಿ ಓಡ್ಸೋದು ಗೊತ್ತಿರೋರಿಗೇ ಅಲ್ಲಿ ಕಷ್ಟ, ಇನ್ನು ಬ್ರೇಕ್ ಅಂದ್ರೆ ಏನು ಅಂತ ಅಲ್ಲಿ ಕಲಿಯೋದು ಹೇಗೆ.

ಕಲಿಸೋರು ಕೂಗಾಡೋ ಸ್ವಭಾವದವರಾಗಿದ್ರೆ ಬೇರೆಯವರನ್ನ ಹುಡುಕಿ, ಇದನ್ನ ಮುಲಾಜಿಲ್ಲದೆ ಹೇಳ್ತೀನಿ. ಹಿಂದಿನಿಂದ "ಬ್ರೇಕ್! ಬ್ರೇಕ್!" ಅಂತ ಕಿರುಚಿದ್ರೆ ಕಲಿಯೋರ ಕೈ ಬಿಗಿ ಆಗುತ್ತೆ, ಬಿಗಿ ಆದ ಕೈ ಏನು ಮಾಡುತ್ತೆ ಅಂತ ಮುಂದೆ ಹೇಳ್ತೀನಿ. ಮೊದಲ ಪಾಠಗಳಲ್ಲಿ ಅವರು ಹಿಂದೆ ಕೂರೋದೂ ಬೇಡ. ಹಿಂದೆ ಕೂತು ಕೈ ಚಾಚಿ ಹ್ಯಾಂಡಲ್ ಹಿಡ್ಕೊಂಡ್ರೆ ಒಂದೇ ಎಕ್ಸಲರೇಟರ್‌ಗೆ ಇಬ್ಬರು ಯಜಮಾನರು, ಯಾರು ತಿರುಗಿಸಿದ್ರು ಯಾರು ಬಿಟ್ರು ಅಂತಾನೇ ಗೊತ್ತಾಗಲ್ಲ, ಮೇಲಿಂದ ಗಾಡಿ ಭಾರ ಬೇರೆ ಜಾಸ್ತಿ ಆಗಿರುತ್ತೆ. ಪಕ್ಕದಲ್ಲಿ ನಿಂತು ಹೇಳ್ಕೊಟ್ರೆ ಸಾಕು. ಲರ್ನರ್ ಲೈಸೆನ್ಸ್, ಇನ್ಶೂರೆನ್ಸ್ ವಿಷಯದಲ್ಲಿ ನೀವಿರೋ ಕಡೆ ಕಾನೂನು ಏನಿದೆಯೋ ಅದನ್ನ ಮೊದಲೇ ಮುಗಿಸ್ಕೊಳ್ಳಿ.

ಹೆಲ್ಮೆಟ್ ಮೈದಾನದಲ್ಲೂ ಹಾಕ್ಲೇಬೇಕು. ಹತ್ತಾರು ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ 2008ರ ಕಾಕ್ರೇನ್ (ವೈದ್ಯಕೀಯ ಸಂಶೋಧನೆಗಳನ್ನ ಒರೆಗೆ ಹಚ್ಚೋ ಸಂಸ್ಥೆ) ವಿಮರ್ಶೆ ಪ್ರಕಾರ ಮೋಟಾರ್ ಸೈಕಲ್ ಸವಾರರಲ್ಲಿ ಹೆಲ್ಮೆಟ್ ಸಾವಿನ ಅಪಾಯಾನ ಸುಮಾರು 42%, ತಲೆಗೆ ಪೆಟ್ಟಾಗೋ ಅಪಾಯಾನ ಸುಮಾರು 69% ಕಮ್ಮಿ ಮಾಡುತ್ತೆ. ಗದ್ದಾನೂ ಮುಚ್ಚೋ ಫುಲ್ ಫೇಸ್ ತಗೊಳ್ಳಿ, ಮುಂದಕ್ಕೆ ಬಿದ್ದಾಗ ಮುಖ, ದವಡೆ ನೆಲಕ್ಕೆ ತಾಗೋದು ಜಾಸ್ತಿ. ಐಎಸ್‌ಐ, ಇಸಿಇ ಥರ ನೀವಿರೋ ದೇಶದಲ್ಲಿ ಒಪ್ಪೋ ಸುರಕ್ಷತಾ ಗುರುತು ಇರಲಿ. ಪಟ್ಟಿ ಹಾಕ್ಕೊಂಡು ಹಿಂದಿನಿಂದ ಹೆಲ್ಮೆಟ್ ಮೇಲಕ್ಕೆತ್ತಿ ನೋಡಿ, ತಲೆಯಿಂದ ಕಳಚಿ ಮುಂದಕ್ಕೆ ಬಂದ್ರೆ ಅದು ನಿಮ್ಮ ಸೈಜ್ ಅಲ್ಲ. ಒಂದ್ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡ್ರೂ ಒಳಗಿನ ಥರ್ಮೋಕೋಲ್ ಥರದ ಪದರ ಕುಗ್ಗಿರುತ್ತೆ, ಬದಲಾಯಿಸ್ಬೇಕು. ಚಪ್ಪಲಿ ಬೇಡ, ಬೆರಳು ಹಿಮ್ಮಡಿ ಮುಚ್ಚೋ ಶೂ ಹಾಕಿ. ದುಪಟ್ಟಾ, ಸೆರಗು, ಉದ್ದ ಶಾಲು ಯಾವುದಿದ್ರೂ ಗಟ್ಟಿಯಾಗಿ ಸಿಗಿಸ್ಕೊಳ್ಳಿ, ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕಿದ್ರೆ ಕ್ಷಣದಲ್ಲಿ ಎಳ್ಕೊಳ್ಳುತ್ತೆ, ಕುತ್ತಿಗೆಗೆ ಸುತ್ತಿರೋ ಬಟ್ಟೆ ಆದ್ರಂತೂ ಜೀವಕ್ಕೇ ಅಪಾಯ.

ಹೆಜ್ಜೆ 1: ಇಂಜಿನ್ ಆಫ್ ಇಟ್ಟೇ ಗಾಡಿ ಪರಿಚಯ

ಈ ಹೆಜ್ಜೆ ಯಾರಿಗೂ ಇಷ್ಟ ಇಲ್ಲ, ಎಲ್ಲರಿಗೂ ಸೀದಾ ಸ್ಟಾರ್ಟ್ ಮಾಡೋ ಆಸೆ. ದಯವಿಟ್ಟು ಬಿಡಬೇಡಿ.

ಕೀ ಆಫ್ ಇರಲಿ. ಗಾಡಿ ಎಡಗಡೆ ನಿಂತ್ಕೊಂಡು ಎರಡೂ ಹ್ಯಾಂಡಲ್ ಹಿಡಿದು, ಸೊಂಟ ಸೀಟಿಗೆ ತಾಗಿಸಿ, ಹತ್ತಿಪ್ಪತ್ತು ಅಡಿ ತಳ್ಕೊಂಡು ನಡೀರಿ. ಎಷ್ಟು ವಾಲಿದಾಗ ಭಾರ ಕೈಗೆ ಬರುತ್ತೆ ಅಂತ ಮೈಗೆ ಗೊತ್ತಾಗುತ್ತೆ. ನಡೀತಾ ನಡೀತಾ ಎಡಗೈ ಬ್ರೇಕ್ ಮಾತ್ರ ಹಿಡಿದು ನಿಲ್ಲಿಸಿ, ಆಮೇಲೆ ಬಲಗೈದು ಮಾತ್ರ, ಆಮೇಲೆ ಎರಡೂ. ಸ್ಕೂಟರ್‌ನಲ್ಲಿ ಎಡಗೈ ಲಿವರ್ ಹಿಂದಿನ ಚಕ್ರಕ್ಕೆ, ಬಲಗೈ ಲಿವರ್ ಮುಂದಿನ ಚಕ್ರಕ್ಕೆ. ಈಗಿನ ಎಷ್ಟೋ ಗಾಡಿಗಳಲ್ಲಿ ಕಾಂಬಿ ಬ್ರೇಕ್ ಅಂತ ಇರುತ್ತೆ, ಅದ್ರಲ್ಲಿ ಎಡಗೈದು ಹಿಡಿದ್ರೆ ಮುಂದಿನ ಚಕ್ರಕ್ಕೂ ಸ್ವಲ್ಪ ಬ್ರೇಕ್ ಹೋಗುತ್ತೆ. ನಿಮ್ಮದ್ರಲ್ಲಿ ಇದೆಯಾ ಇಲ್ವಾ ತಿಳ್ಕೊಳ್ಳಿ. ಮುಂದಿನ ಬ್ರೇಕ್ ಹಿಡಿದಾಗ ಗಾಡಿ ಮೂತಿ ಕೆಳಗೆ ಬಗ್ಗೋದನ್ನ ಗಮನಿಸಿ, ಅದು ಆಮೇಲೆ ಉಪಯೋಗಕ್ಕೆ ಬರುತ್ತೆ.

ಡಬಲ್ ಸ್ಟ್ಯಾಂಡ್ ಹಾಕೋದು ಶಕ್ತಿಯ ಕೆಲಸ ಅಂತ ಹೆದರ್ತಾರೆ. ಗಾಡಿ ನೇರವಾಗಿ ನಿಲ್ಲಿಸಿ, ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ಸಮವಾಗಿ ತಾಗಿದೆ ಅಂತ ಕಾಲಿಗೆ ಗೊತ್ತಾದ್ಮೇಲೆ, ನಿಮ್ಮ ಮೈ ಭಾರ ಪೂರ್ತಿ ಸ್ಟ್ಯಾಂಡ್ ಮೇಲೆ ಬಿಡಿ, ಬಲಗೈಯಿಂದ ಹಿಂದಿನ ಹಿಡಿಕೆ ಹಿಡ್ಕೊಂಡು ಬರೀ ದಾರಿ ತೋರಿಸಿ ಸಾಕು. ಎತ್ತೋಕೆ ಹೋದ್ರೆ ಬೆನ್ನು ಹಿಡ್ಕೊಳ್ಳುತ್ತೆ.

ಈಗ ಕೂತ್ಕೊಳ್ಳಿ. ಇಂಜಿನ್ ಇನ್ನೂ ಆಫ್. ಕಾಲಲ್ಲಿ ನೆಲ ಒದ್ಕೊಂಡು ಮುಂದಕ್ಕೆ ಹೋಗಿ, ಬ್ರೇಕ್ ಹಿಡಿದು ನಿಲ್ಲಿಸಿ, ಇಷ್ಟೇ. ಸಿಕ್ಕಿದ್ರೆ ತೀರಾ ಸ್ವಲ್ಪ ಇಳಿಜಾರು ಇರೋ ಜಾಗ ನೋಡಿ, ಅಲ್ಲಿ ಗಾಡಿ ತಾನಾಗಿ ಉರುಳುತ್ತೆ, ಎರಡೂ ಕಾಲು ಫುಟ್‌ಬೋರ್ಡ್ ಮೇಲಿಟ್ಟು ಬರೀ ಬ್ಯಾಲೆನ್ಸ್ ಮತ್ತೆ ಬ್ರೇಕ್ ಅಭ್ಯಾಸ ಮಾಡ್ಬಹುದು. ಸೈಕಲ್ ಬರೋರಿಗೆ ಇದು ಬೇಗ ಆಗುತ್ತೆ. ಸೈಕಲ್ ಬರಲ್ಲ ಅನ್ನೋರೂ ಬೇಜಾರಾಗಬೇಡಿ, ಇಲ್ಲೇ ಇನ್ನೂ ಸ್ವಲ್ಪ ಹೊತ್ತು ಜಾಸ್ತಿ ಕಳೀರಿ, ಬ್ಯಾಲೆನ್ಸ್ ಈ ಹಂತದಲ್ಲೇ ಬರೋದು. ಎಲ್ಲಿ ಬೇಕು ಅಂದ್ಕೊಂಡ್ರೋ ಅಲ್ಲೇ ನಿಂತು, ನಿಂತ ಮೇಲೆ ಕಾಲು ಕೆಳಗೆ ಬರಬೇಕು, ನಿಲ್ಲೋಕೆ ಮುಂಚೆ ಅಲ್ಲ. ಓಡ್ತಿರೋ ಗಾಡೀನ ಕಾಲಲ್ಲಿ ತಡೆಯೋ ಅಭ್ಯಾಸ ಬಂದುಬಿಟ್ರೆ ಬಿಡಿಸೋದು ಕಷ್ಟ, ಪಾದ ಹಿಂದಕ್ಕೆ ಎಳ್ದು ತಿರುಚಿ ಹೋಗುತ್ತೆ.

ಹೆಜ್ಜೆ 2: ಬಲಗೈನ ಅರ್ಥ ಮಾಡ್ಕೊಳ್ಳೋದು

ಇಡೀ ಲೇಖನದಲ್ಲಿ ಒಂದೇ ಭಾಗ ಓದ್ತೀರ ಅಂದ್ರೆ ಇದನ್ನ ಓದಿ.

ಸ್ಕೂಟರ್‌ನಲ್ಲಿ ಬಲಗೈಗೆ ಎರಡು ಕೆಲಸ, ಎಕ್ಸಲರೇಟರ್ ತಿರುಗಿಸೋದೂ ಅದೇ, ಮುಂದಿನ ಬ್ರೇಕ್ ಹಿಡಿಯೋದೂ ಅದೇ. ಗಾಡಿ ಜರ್ಕ್ ಹೊಡೆದು ಮುಂದಕ್ಕೆ ಹಾರಿದಾಗ ಮೈ ಹಿಂದಕ್ಕೆ ಹೋಗುತ್ತೆ, ಬೀಳಬಾರ್ದು ಅಂತ ಕೈ ಹ್ಯಾಂಡಲ್ ಬಿಗಿಯಾಗಿ ಹಿಡ್ಕೊಳ್ಳುತ್ತೆ, ಮೈ ಹಿಂದಕ್ಕೆ ಎಳ್ದಷ್ಟೂ ಮಣಿಕಟ್ಟು ಕೆಳಕ್ಕೆ ಬಗ್ಗುತ್ತೆ, ಮಣಿಕಟ್ಟು ಬಗ್ಗಿದಷ್ಟೂ ಎಕ್ಸಲರೇಟರ್ ಇನ್ನೂ ತಿರುಗುತ್ತೆ, ಗಾಡಿ ಇನ್ನೂ ಜೋರಾಗುತ್ತೆ. ಈ ಚಕ್ರ ಶುರುವಾಗಿ ಗೋಡೆಗೆ ಹೊಡೆಯೋಕೆ ಎರಡು ಮೂರು ಸೆಕೆಂಡ್ ಸಾಕು. ಹೊರಗಿಂದ ನೋಡೋರಿಗೆ "ಬ್ರೇಕ್ ಹಿಡಿಯೋ ಬದಲು ಎಕ್ಸಲರೇಟರ್ ಕೊಟ್ರು" ಅನ್ಸುತ್ತೆ, ಬೈತಾರೆ. ನಿಜವಾಗಿ ಕೊಟ್ಟಿದ್ದಲ್ಲ, ಹ್ಯಾಂಡಲ್ ಹಿಡ್ಕೊಂಡು ನೇತಾಡಿದ್ದು.

ಇದಕ್ಕೆ ಮದ್ದು ಮೂರು ಅಭ್ಯಾಸ. ಒಂದು, ಹಿಡಿಯೋ ರೀತಿ. ಎಕ್ಸಲರೇಟರ್ ಪೂರ್ತಿ ಮುಚ್ಚಿರುವಾಗ ಮಣಿಕಟ್ಟು ಮುಂಗೈ ಜೊತೆ ನೇರವಾಗೋ ಸ್ವಲ್ಪ ಕೆಳಗೋ ಇರೋ ಹಾಗೆ ಹಿಡೀರಿ. ಮಣಿಕಟ್ಟು ಮೇಲಕ್ಕೆ ಎತ್ತಿ ಹಿಡಿದ್ರೆ ಕೆಳಗೆ ತಿರುಗಿಸೋಕೆ ತುಂಬಾ ಜಾಗ ಇರುತ್ತೆ, ಜರ್ಕ್‌ನಲ್ಲಿ ಅಷ್ಟೂ ತಿರುಗಿಬಿಡುತ್ತೆ. ಎರಡು, ಕೂರೋ ರೀತಿ. ಸೀಟಿನ ತೀರಾ ಹಿಂದೆ ಕೂತು ಕೈ ಪೂರ್ತಿ ಚಾಚಬೇಡಿ, ಮೊಣಕೈ ಸ್ವಲ್ಪ ಮಡಚಿರಲಿ, ಭುಜ ಸಡಿಲ ಇರಲಿ, ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಗ್ಗಿ. ಮೂರನೇದು, ಗಾಬರಿ ಆದ್ರೆ ಬಲಗೈ ಮುಂದಕ್ಕೆ ತಿರುಗಿಸಿ ಮುಚ್ಚೋದು, ಅದೇ ಕ್ಷಣ ಎಡಗೈ ಬ್ರೇಕ್ ಹಿಂಡೋದು. "ಮುಚ್ಚು, ಹಿಡಿ" ಅಂತ ಬಾಯಲ್ಲಿ ಹೇಳ್ಕೊಂಡು ನಿಂತ ಗಾಡಿ ಮೇಲೆ ಕೂತು, ಕೀ ಆಫ್ ಇಟ್ಟು, ಕೈ ತಾನಾಗೇ ಮಾಡೋ ತನಕ ಮಾಡಿ. ಎಡಗೈ ಬೆರಳುಗಳು ಮೊದಲ ದಿನಗಳಲ್ಲಿ ಯಾವಾಗ್ಲೂ ಲಿವರ್ ಮೇಲೇ ಇರಲಿ.

ಇದೇ ಸಮಸ್ಯೆ ಗಾಡಿ ಪಕ್ಕ ನಿಂತಾಗಲೂ ಇದೆ. ಇಂಜಿನ್ ಆನ್ ಇಟ್ಕೊಂಡು ಸ್ಟ್ಯಾಂಡ್ ತೆಗೆಯೋದು, ಇಂಜಿನ್ ಆನ್ ಇಟ್ಕೊಂಡು ಗಾಡಿ ತಳ್ಳೋದು, ಗೇಟ್ ಹತ್ರ ತಿರುಗಿಸೋದು ಬೇಡವೇ ಬೇಡ. ಕೈ ಆಸರೆಗೆ ಹಿಡಿದಿದ್ದು ಎಕ್ಸಲರೇಟರ್ ಆಗಿರುತ್ತೆ, ಗಾಡಿ ಒಂದೇ ಸಲ ನುಗ್ಗುತ್ತೆ. ಮುಂದೆ ಫುಟ್‌ಬೋರ್ಡ್ ಮೇಲೆ ಮಗು ನಿಲ್ಲಿಸೋರೂ ಇದನ್ನ ನೆನಪಿಡಿ, ಮಗು ಆಟಕ್ಕೆ ಹಿಡಿಯೋದು ಅದನ್ನೇ. ಎಲೆಕ್ಟ್ರಿಕ್ ಗಾಡೀಲಿ ಇನ್ನೂ ಹುಷಾರು, ಆನ್ ಇದೆ ಅಂತ ಶಬ್ದಾನೇ ಬರಲ್ಲ, ಪವರ್ ಕೂಡ ತಕ್ಷಣ ಸಿಗುತ್ತೆ. ನಿಲ್ಲಿಸಿದ ಕೂಡ್ಲೆ ಪಾರ್ಕ್ ಮೋಡ್‌ಗೆ ಹಾಕಿ ಅಥವಾ ಕೀ ತೆಗೀರಿ, ಕಲಿಯೋವಾಗ ಇಕೋ ಥರದ ನಿಧಾನದ ಮೋಡ್‌ನಲ್ಲೇ ಇರಲಿ.

ಹೆಜ್ಜೆ 3: ಸ್ಟಾರ್ಟ್ ಮಾಡಿ, ಹತ್ತು ಮೀಟರ್ ಹೋಗಿ, ನಿಲ್ಲಿಸಿ

ಸೈಡ್ ಸ್ಟ್ಯಾಂಡ್ ಮೇಲೆತ್ತಿದ್ದೀರಾ ನೋಡಿ. ಬ್ರೇಕ್ ಹಿಡಿದು ಸೆಲ್ಫ್ ಒತ್ತಿ (ಬಹಳಷ್ಟು ಗಾಡಿ ಬ್ರೇಕ್ ಹಿಡಿಯದೆ ಸ್ಟಾರ್ಟೇ ಆಗಲ್ಲ, ಅದು ಒಳ್ಳೇದಕ್ಕೇ). ಪೆಟ್ರೋಲ್ ಸ್ಕೂಟರ್‌ನಲ್ಲಿ ಕ್ಲಚ್ ಇಲ್ಲ ಅಂತಾರಲ್ಲ, ಇದೆ, ಆದ್ರೆ ನಿಮ್ಮ ಕೈಯಲ್ಲಿಲ್ಲ. ಇಂಜಿನ್ ವೇಗ ಒಂದು ಮಟ್ಟ ದಾಟಿದಾಗ ಒಳಗಿನ ಕ್ಲಚ್ ಹೊರಕ್ಕೆ ಚಾಚ್ಕೊಂಡು ಚಕ್ರಕ್ಕೆ ಹಿಡ್ಕೊಳ್ಳುತ್ತೆ. ಅದಕ್ಕೇ ಎಕ್ಸಲರೇಟರ್ ಸ್ವಲ್ಪ ತಿರುಗಿಸಿದ್ರೆ ಮೊದಲು ಏನೂ ಆಗಲ್ಲ, ಬರೀ ಶಬ್ದ ಜಾಸ್ತಿ ಆಗುತ್ತೆ, ಹೊಸಬರು "ಹೋಗ್ತಿಲ್ಲ" ಅಂತ ಇನ್ನೂ ತಿರುಗಿಸ್ತಾರೆ, ಆಗ ಒಂದೇ ಸಲ ನುಗ್ಗುತ್ತೆ. ಶಬ್ದ ಬದಲಾದ ಕೂಡ್ಲೆ ಕೈ ಅಲ್ಲೇ ತಡೀರಿ, ಒಂದು ಕ್ಷಣ ಕಾಯಿರಿ, ಗಾಡಿ ತಾನಾಗಿ ಮೆಲ್ಲಗೆ ಹೊರಡುತ್ತೆ. ಆ ಬಿಂದು ಎಲ್ಲಿದೆ ಅಂತ ಕೈಗೆ ಗೊತ್ತಾಗೋದೇ ಈ ಹಂತದ ಪಾಠ.

ಹೊರಟ ತಕ್ಷಣ ಎರಡೂ ಕಾಲು ಮೇಲೆ. ಹತ್ತು ಮೀಟರ್ ಆಗಿದ್ದೇ ಎಕ್ಸಲರೇಟರ್ ಮುಚ್ಚಿ, ಎರಡೂ ಬ್ರೇಕ್ ಮೆಲ್ಲಗೆ ಹಿಡಿದು ನಿಲ್ಲಿಸಿ, ಎಡಗಾಲು ಊರಿ. ಮತ್ತೆ ಹೊರಡಿ, ಮತ್ತೆ ನಿಲ್ಲಿಸಿ. ಮೈದಾನದ ಸುತ್ತ ಖುಷಿಯಾಗಿ ರೌಂಡ್ ಹೊಡೆಯೋದು ಆಮೇಲೆ, ಮೊದಲ ದಿನ ಪೂರ್ತಿ ಇದೊಂದೇ ಮಾಡಿದ್ರೂ ನಷ್ಟ ಇಲ್ಲ. ತೋಳು ನೋಯೋಕೆ ಶುರುವಾದ್ರೆ ಹ್ಯಾಂಡಲ್ ತುಂಬಾ ಬಿಗಿ ಹಿಡಿದಿದ್ದೀರ ಅಂತ ಅರ್ಥ, ಇಳಿದು ಸ್ವಲ್ಪ ಓಡಾಡಿ ಬನ್ನಿ.

ಹೆಜ್ಜೆ 4: ಬ್ರೇಕ್, ಇನ್ನೂ ಸರಿಯಾಗಿ

"ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಆಗ್ತೀಯ" ಅಂತ ಕಲಿಸೋರು ಬಹಳ ಜನ ಇದ್ದಾರೆ. ಇದರಿಂದ ಎಷ್ಟು ಹಾನಿ ಆಗಿದೆಯೋ. ಬ್ರೇಕ್ ಹಿಡಿದಾಗ ಗಾಡಿ ಭಾರ ಮುಂದಕ್ಕೆ ಬರುತ್ತೆ, ಮುಂದಿನ ಟೈರ್ ನೆಲಕ್ಕೆ ಒತ್ತಿ ಹಿಡ್ಕೊಳ್ಳುತ್ತೆ, ಹಿಂದಿನದು ಹಗುರ ಆಗುತ್ತೆ (ಮೂತಿ ಬಗ್ಗಿದ್ದು ನೋಡಿದ್ರಲ್ಲ, ಇದೇ ಅದು). ಹಾಗಾಗಿ ಒಣ ರಸ್ತೇಲಿ ಜೋರಾಗಿ ನಿಲ್ಲಿಸುವಾಗ ಹೆಚ್ಚಿನ ಹಿಡಿತ ಸಿಗೋದು ಮುಂದಿನ ಬ್ರೇಕಿಂದಾನೇ, ಬರೀ ಹಿಂದಿನದು ಹಿಡಿದ್ರೆ ದೂರ ಜಾಸ್ತಿ ಬೇಕು, ಚಕ್ರ ಲಾಕ್ ಆಗಿ ಹಿಂಭಾಗ ಪಕ್ಕಕ್ಕೆ ಸರಿಯುತ್ತೆ. ಅಪಾಯ ಇರೋದು ಮುಂದಿನ ಬ್ರೇಕನ್ನ ಒಂದೇ ಏಟಿಗೆ ಕಿತ್ತು ಹಿಡಿಯೋದ್ರಲ್ಲಿ, ಹ್ಯಾಂಡಲ್ ತಿರುಗಿರುವಾಗ ಹಿಡಿಯೋದ್ರಲ್ಲಿ, ಮರಳು ನೀರಿನ ಮೇಲೆ ಜೋರಾಗಿ ಹಿಡಿಯೋದ್ರಲ್ಲಿ. ಎರಡೂ ಲಿವರ್ ಒಟ್ಟಿಗೆ, ನಿಂಬೆಹಣ್ಣಿನ ಹೋಳು ಹಿಂಡೋ ಹಾಗೆ, ಮೊದಲು ಮೆಲ್ಲಗೆ ಆಮೇಲೆ ಗಟ್ಟಿಯಾಗಿ, ಹ್ಯಾಂಡಲ್ ನೇರ ಇಟ್ಟು.

ಅಭ್ಯಾಸ ಹೀಗೆ: ನೆಲದಲ್ಲಿ ಒಂದು ಗುರುತು ಮಾಡಿ. 15 ಕಿಮೀ ವೇಗದಲ್ಲಿ ಬಂದು ಆ ಗುರುತಿನ ಹತ್ರ ಬ್ರೇಕ್ ಶುರು ಮಾಡಿ, ಎಲ್ಲಿ ನಿಂತ್ರಿ ನೋಡಿ. ಕೈ ಪಳಗಿದ್ಮೇಲೆ 20, ಆಮೇಲೆ 25, 30. ಲೆಕ್ಕ ನಿಮ್ಮ ಕಣ್ಣಿಗೇ ಕಾಣುತ್ತೆ, ವೇಗ ಎರಡು ಪಟ್ಟಾದ್ರೆ ಬ್ರೇಕ್ ಹಿಡಿದ ಮೇಲೆ ಬೇಕಾಗೋ ದೂರ ನಾಲ್ಕು ಪಟ್ಟು. ಒಣ ರಸ್ತೇಲಿ ಸಾಧಾರಣ ಚೆನ್ನಾಗಿ ಬ್ರೇಕ್ ಹಿಡಿದ್ರೆ 20 ಕಿಮೀ ವೇಗದಲ್ಲಿ ಸುಮಾರು 3 ಮೀಟರ್ ಸಾಕಾದ್ರೆ, 40ರಲ್ಲಿ ಸುಮಾರು 12 ಮೀಟರ್, 60ರಲ್ಲಿ ಸುಮಾರು 28 ಮೀಟರ್. ಇದು ಬ್ರೇಕ್ ಹಿಡಿದ ಮೇಲಿನ ಮಾತು. ಕಣ್ಣು ನೋಡಿ ತಲೆಗೆ ಹೊಳೆದು ಕೈ ಲಿವರ್ ಹಿಡಿಯೋಕೆ ಒಂದು ಸೆಕೆಂಡಾದ್ರೂ ಹೋಗುತ್ತೆ, ಆ ಸೆಕೆಂಡಲ್ಲಿ 40ರ ವೇಗದ ಗಾಡಿ 11 ಮೀಟರ್ ದಾಟಿರುತ್ತೆ. ಒಟ್ಟು 23 ಮೀಟರ್ ಆಯ್ತು. ಮುಂದಿನ ಗಾಡಿ ಬಾಲ ಹಿಡ್ಕೊಂಡು ಹೋಗೋರು ಈ ಸಂಖ್ಯೇನ ಒಂದ್ಸಲ ನೆಲದ ಮೇಲೆ ಹೆಜ್ಜೆ ಹಾಕಿ ಅಳೆದು ನೋಡ್ಲಿ.

ಹೆಜ್ಜೆ 5: ನಿಧಾನ, ತಿರುವು, 8 ಹಾಕೋದು

ನಿಧಾನವಾಗಿ ಹೋದ್ರೆ ಸುಲಭ ಅನ್ನೋದು ತಪ್ಪು ಕಲ್ಪನೆ. ನಡಿಗೆ ವೇಗದಲ್ಲಿ ಗಾಡಿ ತಾನಾಗಿ ನೆಟ್ಟಗೆ ನಿಲ್ಲಲ್ಲ, ಪೂರ್ತಿ ನೀವೇ ಬ್ಯಾಲೆನ್ಸ್ ಮಾಡ್ಬೇಕು. ಆದ್ರೆ ಟ್ರಾಫಿಕ್‌ನಲ್ಲಿ ಜಾಸ್ತಿ ಹೊತ್ತು ಇರೋದೇ ಈ ವೇಗದಲ್ಲಿ, ಹಾಗಾಗಿ ಬೇರೆ ದಾರಿ ಇಲ್ಲ. ಉಪಾಯ ಏನಂದ್ರೆ, ಎಕ್ಸಲರೇಟರ್ ಸ್ವಲ್ಪ ಹಾಗೇ ತೆರೆದಿಟ್ಟು, ಎಡಗೈ ಅಂದ್ರೆ ಹಿಂದಿನ ಬ್ರೇಕನ್ನ ಲೈಟಾಗಿ ಹಿಡಿದು ವೇಗ ತಡೆಯೋದು. ಎಕ್ಸಲರೇಟರ್ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡಿದ್ರೆ ಒಳಗಿನ ಕ್ಲಚ್ ಹಿಡಿದು ಬಿಟ್ಟು ಗಾಡಿ ಕುಪ್ಪಳಿಸುತ್ತೆ, ಬ್ರೇಕಿನಿಂದ ತಡೆದ್ರೆ ನಯವಾಗಿ ಹೋಗುತ್ತೆ. ಇದನ್ನ ಮೈಲುಗಟ್ಟಲೆ ಮಾಡ್ಬೇಡಿ, ಬಿಸಿ ಆಗುತ್ತೆ, ತಿರುವಿಗೆ ಮಾತ್ರ. ಕೆಲವು ಎಲೆಕ್ಟ್ರಿಕ್ ಗಾಡೀಲಿ ಬ್ರೇಕ್ ಮುಟ್ಟಿದ್ರೆ ಮೋಟಾರ್ ಕಟ್ ಆಗುತ್ತೆ, ಅಲ್ಲಿ ಈ ಉಪಾಯ ನಡಿಯಲ್ಲ, ಕೈಯನ್ನೇ ಇನ್ನೂ ನಾಜೂಕಾಗಿ ಪಳಗಿಸ್ಬೇಕು.

ತಿರುಗುವಾಗ ಕಣ್ಣು ಎಲ್ಲಿ ಹೋಗುತ್ತೋ ಗಾಡಿ ಅಲ್ಲಿ ಹೋಗುತ್ತೆ. ಗುಂಡಿ ತಪ್ಪಿಸ್ಬೇಕು ಅಂತ ಗುಂಡಿನೇ ನೋಡ್ತಾ ಹೋದ್ರೆ ನೇರ ಗುಂಡಿಗೇ ಬೀಳ್ತೀರ, ಇದು ಎಲ್ಲರಿಗೂ ಆಗೋದು. ಯು ಟರ್ನ್ ತಗೋಬೇಕಾದ್ರೆ ಮುಂದಿನ ಚಕ್ರ ನೋಡಬೇಡಿ, ಗಲ್ಲ ಭುಜದ ಮೇಲೆ ಬರೋ ಅಷ್ಟು ತಲೆ ತಿರುಗಿಸಿ, ಕೊನೆಗೆ ಎಲ್ಲಿ ತಲುಪಬೇಕೋ ಅಲ್ಲಿ ನೋಡಿ. ಮೊದಲು ದೊಡ್ಡ ವೃತ್ತ, ಎರಡೂ ದಿಕ್ಕಿಗೆ, ಆಮೇಲೆ ಚಿಕ್ಕದು, ಆಮೇಲೆ ಎರಡು ಬಾಟಲಿ ದೂರದಲ್ಲಿಟ್ಟು ಅದರ ಸುತ್ತ 8. ಒಂದು ಕಡೆ ಸಲೀಸು ಇನ್ನೊಂದು ಕಡೆ ಕಷ್ಟ ಅನ್ಸೋದು ಸಹಜ, ಕಷ್ಟದ ಕಡೆಗೇ ಜಾಸ್ತಿ ತಿರುಗಿ. ತಿರುವಿನ ಮಧ್ಯೆ ಹೆದರಿ ಬ್ರೇಕ್ ಕಿತ್ತು ಹಿಡಿಯೋದೇ ಬೀಳೋಕೆ ಕಾರಣ, ವೇಗ ಕಮ್ಮಿ ಮಾಡೋದೆಲ್ಲ ತಿರುವಿಗೆ ಮುಂಚೆ ಮುಗೀಬೇಕು.

ಹೆಜ್ಜೆ 6: ರಸ್ತೆಗೆ ಇಳಿಯೋದು

ಯಾವಾಗ ಇಳೀಬಹುದು ಅಂತ ಕೇಳ್ತಾರೆ. ದಿನ ಲೆಕ್ಕ ಹಾಕಬೇಡಿ. ಗುರುತಿನ ಹತ್ರ ಹೇಳಿದ ಕಡೆ ನಿಲ್ಲಿಸ್ತೀರಾ, 8 ಹಾಕುವಾಗ ಕಾಲು ಕೆಳಗೆ ಬರಲ್ವಾ, ಕೈ ನೋಡದೆ ಇಂಡಿಕೇಟರ್ ಹಾಕಿ ಆಫ್ ಮಾಡ್ತೀರಾ, ಗಾಡಿ ನೇರ ಹೋಗ್ತಾ ಇರುವಾಗ್ಲೇ ಕನ್ನಡಿ ನೋಡಿ ಹಿಂದೆ ಏನಿದೆ ಹೇಳ್ತೀರಾ? ಇದೆಲ್ಲ ಆಗುತ್ತೆ ಅಂದ್ರೆ ಹೊರಡಿ. ಆಗಲ್ಲ ಅಂದ್ರೆ ಯಾರು ಏನೇ ಅಂದ್ರೂ ಇನ್ನೂ ಸ್ವಲ್ಪ ದಿನ ಮೈದಾನ.

ಮೊದಲು ಬೆಳಿಗ್ಗೆ ಹೊತ್ತು, ಗಾಡಿ ಓಡಾಟ ಕಮ್ಮಿ ಇರೋ, ನಿಮಗೆ ಗೊತ್ತಿರೋ ದಾರಿ ಆರಿಸ್ಕೊಳ್ಳಿ, ಎಲ್ಲಿ ಹಂಪ್ ಇದೆ ಎಲ್ಲಿ ತಿರುವಿದೆ ಅಂತ ಮೊದಲೇ ಗೊತ್ತಿದ್ರೆ ತಲೆ ಮೇಲಿನ ಭಾರ ಅರ್ಧ ಇಳಿಯುತ್ತೆ. ಗೊತ್ತಿರೋರು ಇನ್ನೊಂದು ಗಾಡೀಲಿ ಹಿಂದೆ ಬರ್ಲಿ. ರಸ್ತೆ ಅಂಚಿಗೆ ಅಂಟ್ಕೊಂಡು ಹೋಗೋದು ಸೇಫ್ ಅಂತ ಅನ್ಸುತ್ತೆ ಆದ್ರೆ ಮರಳು, ಕಸ, ಚರಂಡಿ ಮುಚ್ಚಳ, ಧಡಕ್ಕನೆ ತೆರೆಯೋ ಕಾರ್ ಬಾಗಿಲು ಎಲ್ಲಾ ಇರೋದು ಅಲ್ಲೇ. ಅಂಚಿಂದ ಸ್ವಲ್ಪ ಒಳಗೆ, ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಬಿಟ್ಟು, ಒಂದೇ ಗೆರೇಲಿ ಹೋಗಿ. ನೀವು ಏನು ಮಾಡ್ತೀರ ಅಂತ ಬೇರೆಯವರಿಗೆ ಮೊದಲೇ ಗೊತ್ತಾಗಬೇಕು, ಹೊಸಬರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಮುಂದಿನ ಗಾಡಿ ಒಂದು ಕಂಬ ದಾಟಿದಾಗ ಎಣಿಸೋಕೆ ಶುರು ಮಾಡಿ, ನೀವು ಅದೇ ಕಂಬ ದಾಟೋ ಹೊತ್ತಿಗೆ ಮೂರು ಸೆಕೆಂಡ್ ಆಗಿರಬೇಕು. ಮಧ್ಯೆ ಯಾರಾದ್ರೂ ನುಗ್ತಾರೆ, ನುಗ್ಲಿ, ನೀವು ಮತ್ತೆ ಹಿಂದೆ ಸರಿದು ಅಂತರ ಮಾಡ್ಕೊಳ್ಳಿ. ಲೇನ್ ಬದಲಾಯಿಸುವಾಗ ಕನ್ನಡಿ, ಇಂಡಿಕೇಟರ್, ಭುಜದ ಮೇಲಿಂದ ಒಂದು ನೋಟ, ಆಮೇಲೆ ಸರಿಯೋದು, ಯಾಕಂದ್ರೆ ಕನ್ನಡೀಲಿ ಕಾಣದ ಜಾಗ ಒಂದು ಇದ್ದೇ ಇರುತ್ತೆ. ತಿರುಗಿ ಆದ್ಮೇಲೆ ಇಂಡಿಕೇಟರ್ ಆಫ್ ಮಾಡೋದು ಮರೀಬೇಡಿ, ಬಹುತೇಕ ಸ್ಕೂಟರ್‌ನಲ್ಲಿ ಅದು ಕಾರಿನ ಥರ ತಾನಾಗಿ ಆಫ್ ಆಗಲ್ಲ.

ಬಸ್ಸು ಲಾರಿ ವಿಷಯ ಬೇರೆ. ಲಾರಿಯ ಕನ್ನಡೀಲಿ ನಿಮಗೆ ಡ್ರೈವರ್ ಮುಖ ಕಾಣ್ತಿಲ್ಲ ಅಂದ್ರೆ ಅವರಿಗೂ ನೀವು ಕಾಣ್ತಿಲ್ಲ. ದೊಡ್ಡ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಹಾದೀಲಿ ಬರಲ್ಲ, ಒಳಗೆ ಕತ್ತರಿಸ್ಕೊಂಡು ಬರುತ್ತೆ, ಅದರ ಮತ್ತೆ ರಸ್ತೆ ಅಂಚಿನ ಮಧ್ಯೆ ಜಾಗ ಇದೆ ಅಂತ ಸ್ಕೂಟರ್ ತೂರಿಸಿದೋರು ಅಲ್ಲೇ ಸಿಕ್ಕಿಹಾಕ್ಕೊಳ್ಳೋದು. ಆ ಜಾಗಕ್ಕೆ ಯಾವತ್ತೂ ಹೋಗ್ಬೇಡಿ, ಸಿಗ್ನಲ್‌ನಲ್ಲೂ ಕೂಡ. ಹಿಂದೆ ನಿಂತು ಕಾಯೋದ್ರಿಂದ ಹೋಗೋದು ಅರ್ಧ ನಿಮಿಷ.

ಹಿಂದಿನಿಂದ ಹಾರ್ನ್ ಹೊಡೆದ್ರೆ ಗಾಬರಿಯಾಗಿ ಪಕ್ಕಕ್ಕೆ ಎಳೀಬೇಡಿ, ಹೋಗ್ತಿರೋ ಗೆರೇಲೇ ಹೋಗಿ, ಜಾಗ ಸಿಕ್ಕಾಗ ಬಿಡಿ. ತೀರಾ ಭಯ ಆಯ್ತಾ, ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸಿ ಉಸಿರು ತಗೊಂಡು ಹೊರಡಿ. ಫೋನ್ ಡಿಕ್ಕೀಲಿ ಇರಲಿ.

ಮಳೆ, ಮರಳು, ಗುಂಡಿ

ಸ್ಕೂಟರ್ ಚಕ್ರ ಬೈಕಿಗಿಂತ ಚಿಕ್ಕದು, ಸಾಮಾನ್ಯವಾಗಿ 10 ಅಥವಾ 12 ಇಂಚು, ಹಾಗಾಗಿ ಬೈಕ್ ಸಲೀಸಾಗಿ ದಾಟೋ ಗುಂಡೀಲಿ ಸ್ಕೂಟರ್ ಚಕ್ರ ಇಳಿದುಬಿಡುತ್ತೆ. ಗುಂಡಿ ತಪ್ಪಿಸೋಕಾಗಲಿಲ್ಲ ಅಂದ್ರೆ ಅದಕ್ಕೆ ಮುಂಚೇನೇ ಬ್ರೇಕ್ ಹಿಡಿದು ವೇಗ ಇಳಿಸಿ, ಗುಂಡಿಗೆ ಇಳಿಯೋ ಕ್ಷಣ ಬ್ರೇಕ್ ಬಿಟ್ಟು, ಹ್ಯಾಂಡಲ್ ನೇರ ಹಿಡಿದು ದಾಟಿ. ಬ್ರೇಕ್ ಹಿಡಿದೇ ಇಳಿದ್ರೆ ಮುಂದಿನ ಶಾಕ್ ಆಗಲೇ ಕುಗ್ಗಿರುತ್ತೆ, ಏಟು ಪೂರ್ತಿ ಕೈಗೆ ಬರುತ್ತೆ. ಮರಳು ಕಂಡ್ರೆ ಅದರ ಮೇಲೆ ಇರುವಾಗ ಬ್ರೇಕೂ ಬೇಡ, ರೇಸೂ ಬೇಡ, ತಿರುಗಿಸೋದೂ ಬೇಡ, ನೇರ ಉರುಳಿಸಿ ದಾಟಿ.

ಬಹಳ ದಿನದ ಮೇಲೆ ಬರೋ ಮೊದಲ ಮಳೆಯ ಮೊದಲ ಹೊತ್ತು ಭಾರಿ ಜಾರುತ್ತೆ, ರಸ್ತೆ ಮೇಲೆ ಕೂತಿದ್ದ ಎಣ್ಣೆ ಧೂಳು ನೀರಿಗೆ ಕಲೆತು ಮೇಲೆ ಬಂದಿರುತ್ತೆ. ಹೊಸಬರು ಆಗ ಎಲ್ಲಾದ್ರೂ ನಿಂತು ಕಾಯೋದೇ ಒಳ್ಳೇದು. ಒದ್ದೆ ಇದ್ದಾಗ ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಕಬ್ಬಿಣದ ಪ್ಲೇಟ್, ಬಿದ್ದ ಎಲೆ ಇವೆಲ್ಲ ಡಾಂಬರಿಗಿಂತ ಜಾಸ್ತಿ ಜಾರುತ್ತೆ, ಅದರ ಮೇಲೆ ಬ್ರೇಕ್ ಹಿಡೀಬೇಡಿ. ನೀರು ನಿಂತಿರೋ ಕಡೆ ಕೆಳಗೆ ಏನಿದೆ ಅಂತ ಯಾರಿಗೂ ಕಾಣಲ್ಲ, ಇನ್ನೊಂದು ದಾರಿ ಇದ್ರೆ ಅದೇ ಸರಿ. ರಾತ್ರಿ ಓಡ್ಸೋದು ಹಗಲಲ್ಲಿ ಪೂರ್ತಿ ಧೈರ್ಯ ಬಂದ್ಮೇಲೆ, ಎದುರು ಗಾಡಿಯ ಲೈಟ್ ಕಣ್ಣಿಗೆ ಕುಕ್ಕಿದ್ರೆ ಅದನ್ನ ನೋಡದೆ ರಸ್ತೆಯ ನಿಮ್ಮ ಕಡೆ ಅಂಚನ್ನ ನೋಡಿ, ವೇಗ ಇಳಿಸಿ.

ಬಿದ್ದರೆ, ಮತ್ತೆ ಹಿಂದೆ ಯಾರನ್ನಾದ್ರೂ ಕೂರಿಸಿದ್ರೆ

ನಿಂತಲ್ಲೇ ಗಾಡಿ ವಾಲಿ ಹೋಗ್ತಾ ಇದ್ರೆ ಒಂದು ಮಿತಿ ದಾಟಿದ್ಮೇಲೆ ಬಿಟ್ಟುಬಿಡಿ, ಕಾಲು ತೆಗೆದು ದೂರ ಸರೀರಿ. ಗಾಡಿಗೆ ಗೀರು ಬಿದ್ರೆ ಬೀಳ್ಲಿ, ಮೊಣಕಾಲು ಮುಖ್ಯ. ಬಿದ್ಮೇಲೆ ಮೊದಲು ಕೀ ಆಫ್ ಮಾಡಿ, ಯಾಕಂದ್ರೆ ಇಂಜಿನ್ ಆನ್ ಇದ್ದು ಎತ್ತುವಾಗ ಕೈ ಎಕ್ಸಲರೇಟರ್ ಮೇಲೇ ಹೋಗುತ್ತೆ. ಬ್ರೇಕ್ ಲಿವರ್ ಬಗ್ಗಿದೆಯಾ, ಹ್ಯಾಂಡಲ್ ನೇರ ಇದೆಯಾ, ಎಕ್ಸಲರೇಟರ್ ತಿರುಗಿಸಿ ಬಿಟ್ರೆ ತಾನಾಗಿ ವಾಪಸ್ ಬರುತ್ತಾ ನೋಡಿ, ಪೆಟ್ರೋಲ್ ಸೋರ್ತಿದ್ರೆ ಸ್ಟಾರ್ಟ್ ಮಾಡ್ಬೇಡಿ. ತಲೆಗೆ ಪೆಟ್ಟಾಗಿ ತಲೆ ಸುತ್ತು, ವಾಂತಿ, ಮಂಪರು ಏನೇ ಇದ್ರೂ ಆಸ್ಪತ್ರೆಗೆ ಹೋಗಿ, ಅವತ್ತು ಗಾಡಿ ಮುಟ್ಟಬೇಡಿ.

ಹಿಂದೆ ಜನ ಕೂರಿಸೋದು ಒಬ್ಬರೇ ಎಲ್ಲಾ ಥರದ ರಸ್ತೇಲಿ ಆರಾಮಾಗಿ ಓಡ್ಸೋಕೆ ಬಂದ್ಮೇಲೆ. ಭಾರ ಜಾಸ್ತಿ ಆದಾಗ ಗಾಡಿ ಹೊರಡೋದು, ತಿರುಗೋದು, ನಿಲ್ಲೋದು ಮೂರೂ ಬೇರೆ ಥರ, ಹಿಂದಿನ ಟೈರ್‌ಗೂ ಜಾಸ್ತಿ ಗಾಳಿ ಬೇಕು, ಸ್ಟಿಕ್ಕರ್‌ನಲ್ಲಿ ಇಬ್ಬರು ಕೂತಾಗಿನ ಅಳತೆ ಬೇರೆ ಬರೆದಿರುತ್ತೆ. ಮೊದಲ ಸಲ ಮೈದಾನದಲ್ಲೇ, ಅದೇ ಗುರುತಿನ ಹತ್ರ ಬ್ರೇಕ್ ಅಭ್ಯಾಸ ಇನ್ನೊಂದ್ಸಲ ಮಾಡಿ. ಅವರು ಹತ್ತೋ ತನಕ ಎರಡೂ ಕಾಲು ಊರಿ ಬ್ರೇಕ್ ಹಿಡಿದಿರಿ, "ಹತ್ಲಾ" ಅಂತ ಕೇಳಿ ನೀವು ಹೂಂ ಅಂದ ಮೇಲೇ ಅವರು ಹತ್ತಲಿ, ಇಳಿಯುವಾಗಲೂ ಹಾಗೇ. ಎರಡೂ ಕಡೆ ಕಾಲು ಹಾಕಿ ಕೂರೋಕೆ ಹೇಳಿ, ಒಂದೇ ಕಡೆ ಕೂತ್ರೆ ಭಾರ ಒಂದು ಪಕ್ಕಕ್ಕೆ ಎಳೆಯುತ್ತೆ, ಬ್ರೇಕ್ ಹಿಡಿದಾಗ ಅವರಿಗೆ ಹಿಡ್ಕೊಳ್ಳೋಕೂ ಸರಿಯಾಗಿ ಏನೂ ಸಿಗಲ್ಲ. ನಿಮ್ಮ ಭುಜದ ಮೇಲೆ ಭಾರ ಹಾಕೋದು ಬೇಡ, ಸೊಂಟ ಅಥವಾ ಹಿಂದಿನ ಹಿಡಿಕೆ ಹಿಡ್ಕೊಳ್ಳಲಿ, ತಿರುವಲ್ಲಿ ಗಾಡಿ ವಾಲಿದ ಕಡೆಗೇ ಅವರ ಮೈನೂ ವಾಲಲಿ. ಹೆಲ್ಮೆಟ್ ಅವರಿಗೂ ಬೇಕು, ಪಕ್ಕದ ಬೀದಿಗೇ ಹೋಗ್ತಿದ್ರೂ.